ಅಂಚಿನ ಅಂಕಿಗಳು

ಚಲನಚಿತ್ರ ಸಂಕಲನವು ಬಹುಕಾಲ ಎರಡು ಪ್ರತಿಗಳ ವ್ಯವಹಾರವಾಗಿದ್ದಿತು: ಗೀಚಿ, ಕತ್ತರಿಸಿ, ಮರಳಿ ಅಂಟಿಸಲೆಂದು ಒಂದು ಕರಡು, ಧೂಳೂ ಸೋಂಕದಂತೆ ಕಾದಿರಿಸಿದ ಮೂಲ ನೆಗೆಟಿವ್ ಮತ್ತೊಂದು. ಕರಡಿನ ಮೇಲಣ ಪ್ರಯೋಗಗಳೆಲ್ಲ ಮುಗಿದ ತರುವಾಯ, ಬಿಳಿಯ ಹತ್ತಿಯ ಕೈಗವಸು ತೊಟ್ಟ ನೆಗೆಟಿವ್ ಕಟರ್‌ಗಳು, 35 ಮಿ.ಮೀ. ಫಿಲ್ಮಿನ ಅಂಚಿನಲ್ಲಿ ಅಡಿಗೊಮ್ಮೆ, ಎಂದರೆ 16 ಚೌಕಟ್ಟುಗಳಿಗೊಮ್ಮೆ, ಮೂಡಿದ್ದ ಅಂಕಿಗಳನ್ನು ಹೊಂದಿಸಿ ನೋಡುತ್ತ ಮೂಲಕ್ಕೆ ಕತ್ತರಿಯಿಡುತ್ತಿದ್ದರು. ಅಂಟಿನ ಬೆಸುಗೆಗೆ ಪಕ್ಕದ ಚೌಕಟ್ಟೊಂದು ಬಲಿಯಾಗುತ್ತಿದ್ದುದರಿಂದ, ಕತ್ತರಿ ತಪ್ಪಿದರೆ ಆ ತಪ್ಪಿಗೆ ಪ್ರಾಯಶ್ಚಿತ್ತವಿರಲಿಲ್ಲ.

ವಿಡಿಯೊ ಸಂಕಲನವೂ ಇದೇ ಹಾದಿ ಹಿಡಿಯಿತು. 1971ರಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್‌ಗಳ ಜಂಟಿ ಉದ್ಯಮವಾದ ಸಿಎಂಎಕ್ಸ್ ಹೊರತಂದ 600 ಎಂಬ ಯಂತ್ರವು, ಡಿಸ್ಕ್‌ಗಳಲ್ಲಿ ತುಂಬಿದ ಮಸುಕಾದ ಕಪ್ಪುಬಿಳುಪು ಬಿಂಬಗಳ ಮೇಲೆ ನಿರ್ಣಯಗಳನ್ನು ಕೈಗೊಂಡು, ಪ್ರತಿ ಚೌಕಟ್ಟನ್ನೂ ಗುರುತಿಸುವ ಅಂಕಿಯಾದ ಟೈಮ್‌ಕೋಡಿನ ಪಟ್ಟಿಯ ಮೂಲಕ ಅವನ್ನು ಉತ್ತಮ ಟೇಪಿಗೆ ವರ್ಗಾಯಿಸುವ ಕ್ರಮವನ್ನು ತೋರಿತು. ಕರಡಿನ ಕೆಲಸ ಆಫ್‌ಲೈನ್, ಅಂತಿಮ ಜೋಡಣೆ ಆನ್‌ಲೈನ್ ಎಂಬ ವಿಭಾಗವು ಹೀಗೆ ರೂಢಮೂಲವಾಯಿತು.

ನಟನ ತುಟಿಗಳನ್ನೇ ಅನ್ಯಭಾಷೆಯ ಮಾತಿಗೆ ಒಗ್ಗಿಸುವ ದೃಶ್ಯ ಡಬ್ಬಿಂಗ್, 2025ರಲ್ಲಿ 'ವಾಚ್ ದ ಸ್ಕೈಸ್' ಎಂಬ ಸ್ವೀಡಿಷ್ ಚಿತ್ರದೊಡನೆ ಅಮೆರಿಕದ ಚಿತ್ರಮಂದಿರಗಳನ್ನು ಹೊಕ್ಕಾಗಲೂ, ಕರಡಿನಲ್ಲಿ ನಿರ್ಧರಿಸಿ ಮೂಲಕ್ಕೆ ಒಯ್ಯುವ ಈ ಹಳೆಯ ಶಿಸ್ತು ಅಪ್ರಸ್ತುತವಾಗಲಿಲ್ಲ. ಹಗುರವಾದ ಕಡತದಲ್ಲಿ ಒಪ್ಪಿಗೆ ಪಡೆದ ತುಟಿಯ ಚಲನೆಯನ್ನು ಪೂರ್ಣ ಗಾತ್ರದ ಮೂಲದ ಮೇಲೆ ಮತ್ತೆ ರಚಿಸುವಾಗ, ಚೌಕಟ್ಟಿನ ಸಂಖ್ಯೆ ಆ ಕಡತದೊಡನೆ ತಾಳೆಯಾಗಬೇಕು; ವರ್ಣ, ಫಿಲ್ಮಿನ ಕಣಗಳು ನೆರೆಯ ಚೌಕಟ್ಟುಗಳೊಡನೆ ಏಕೀಭವಿಸಬೇಕು. ಒಂದೇ ಚೌಕಟ್ಟು ಜಾರಿದರೂ, ಮುಚ್ಚಿದ ತುಟಿ ತೆರೆಯುವ ಮೊದಲೇ 'ಪ'ಕಾರ ಕೇಳಿಸೀತು. ಕೈಗವಸು ಮರೆಯಾದರೂ ಅಂಚಿನ ಅಂಕಿಯ ಶಾಸನ ಅಳಿದಿಲ್ಲ.