ಶಿವಡಿಯ ಶೆಡ್ಡಿಗೆ ಬಂದ ಕೆನಡಾದ ಪೆಟ್ಟಿಗೆಗಳು

ಯುದ್ಧದ ಚರಿತ್ರೆಯಲ್ಲಿ ಫಿರಂಗಿಗೆ ಹೆಸರಿದೆ, ಅದನ್ನು ಎಳೆದ ಲಾರಿಗೆ ಇಲ್ಲ. ಎರಡನೇ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಸೈನ್ಯ ಟ್ಯಾಂಕುಗಳನ್ನು ಹೊಡೆಯಲು ನೆಚ್ಚಿಕೊಂಡಿದ್ದು 2 ಪೌಂಡರ್ ಫಿರಂಗಿಯನ್ನು. ಈ 2 ಪೌಂಡು ಗುಂಡಿನ ತೂಕ; ಫಿರಂಗಿಯ ತೂಕ ಸುಮಾರು 800 ಕಿಲೋ. ನಂತರ ಬಂದ 6 ಪೌಂಡರ್ 1,100 ಕಿಲೋ ದಾಟಿತು, 17 ಪೌಂಡರ್ ಮೂರು ಟನ್ನಿಗೆ ಮುಟ್ಟಿತು. ಶತ್ರುವಿನ ಟ್ಯಾಂಕ್ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಇಷ್ಟು ಭಾರವನ್ನು ಮರಳು, ಕೆಸರು, ಕಲ್ಲುಗಳ ಮೇಲೆ ಬೇಗ ಎಳೆದೊಯ್ಯುವ ವಾಹನ ಇಲ್ಲದಿದ್ದರೆ ಫಿರಂಗಿ ಇದ್ದೂ ಇಲ್ಲದ ಹಾಗೆ.

ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಈ ಕಷ್ಟ ಬಯಲಾಯಿತು. ದೂರದೂರ ಎಳೆದು ಎಳೆದು 2 ಪೌಂಡರ್‌ನ ಗಾಡಿಯೇ ಸಡಿಲವಾಗುತ್ತಿತ್ತು. ಕೊನೆಗೆ ಸೈನಿಕರು ಎಳೆಯುವುದನ್ನೇ ಬಿಟ್ಟು ಫಿರಂಗಿಯನ್ನು ಲಾರಿಯ ಹಿಂಭಾಗಕ್ಕೆ ಹತ್ತಿಸಿದರು, ಅಗತ್ಯ ಬಿದ್ದರೆ ಅಲ್ಲಿಂದಲೇ ಹಾರಿಸಿದರು. ಇದಕ್ಕೆ 'ಪೋರ್ಟಿ' ಎಂದು ಹೆಸರು. ಚಕ್ರಗಳೇನೋ ಉಳಿದವು. ಆದರೆ ನೆಲಕ್ಕೆ ಅಂಟಿಕೊಂಡು ಅಡಗಿರಬೇಕಾದ ಆಯುಧ ಈಗ ಲಾರಿಯ ಎತ್ತರಕ್ಕೆ ಏರಿ ಎಲ್ಲರ ಕಣ್ಣಿಗೂ ಬೀಳತೊಡಗಿತು.

ಇಂಥ ಲಾರಿಗಳು ಬ್ರಿಟನ್ನಿನಲ್ಲಿ ಸಾಕಷ್ಟಿರಲಿಲ್ಲ. 1940ರಲ್ಲಿ ಫ್ರಾನ್ಸಿನಿಂದ ಕಾಲ್ತೆಗೆದಾಗ ಬ್ರಿಟಿಷರು ಅಲ್ಲಿ ಸುಮಾರು 64,000 ವಾಹನಗಳನ್ನು ಬಿಟ್ಟು ಬಂದಿದ್ದರು. ಆ ಕೊರತೆಯನ್ನು ಬಹುಪಾಲು ತುಂಬಿದ್ದು ಕೆನಡಾ. ಅಲ್ಲಿ ವಿಂಡ್ಸರ್‌ನಲ್ಲಿದ್ದ ಫೋರ್ಡ್ ಮತ್ತು ಓಷಾವಾದಲ್ಲಿದ್ದ ಜನರಲ್ ಮೋಟಾರ್ಸ್ ವ್ಯಾಪಾರದಲ್ಲಿ ಹಾವು ಮುಂಗುಸಿ. ಆದರೂ ಯುದ್ಧಕಾಲದಲ್ಲಿ ಒಂದೇ ಮಾದರಿಗೆ ಒಗ್ಗಿಕೊಂಡು 'ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್' ಎಂಬ ಲಾರಿಗಳನ್ನು ಲಕ್ಷಗಟ್ಟಲೆ ತಯಾರಿಸಿದವು. ಮೊಂಡು ಮೂಗು, ಇಕ್ಕಟ್ಟಾದ ಕ್ಯಾಬಿನ್, ಬಲಗಡೆ ಸ್ಟೇರಿಂಗ್. ಕೊನೆಯ ಮಾದರಿಯಲ್ಲಿ ಮುಂದಿನ ಗಾಜನ್ನು ಮೇಲ್ಭಾಗ ಮುಂದೆ ಚಾಚುವಂತೆ ಓರೆಯಾಗಿ ಕೂರಿಸಿದ್ದರು: ಬಿಸಿಲು ಗಾಜಿಗೆ ಬಡಿದು ಮಿಂಚಿದರೆ ಮೇಲಿನ ವಿಮಾನಕ್ಕೆ ಸುಳಿವು ಸಿಗುತ್ತದಲ್ಲ! ಇವುಗಳನ್ನು ಹೊರುವ ಶಕ್ತಿಯ ಮೇಲೆ 8, 15, 30, 60 ಹಂಡ್ರೆಡ್‌ವೇಟ್ ಎಂದು ವಿಂಗಡಿಸುತ್ತಿದ್ದರು. ಹೆಸರಿನಲ್ಲಿ ನೂರು ಇದ್ದರೂ ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡು. ಬ್ರಿಟಿಷರ ಲೆಕ್ಕವೇ ಹಾಗೆ. ಫಿರಂಗಿ ಎಳೆಯಲೆಂದೇ ಬೇರೆ ದೇಹ ಕಟ್ಟಿದ, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಮಾದರಿಯೂ ಇತ್ತು.

ಇಡೀ ಲಾರಿಯನ್ನು ಹಡಗಿಗೆ ಏರಿಸಿದರೆ ಅರ್ಧ ಜಾಗ ಗಾಳಿಗೇ ಹೋಗುತ್ತದೆ. ಹಾಗಾಗಿ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತಿದ್ದರು. ಅವನ್ನು ಬಿಚ್ಚಿ ಜೋಡಿಸಿದ ಊರುಗಳಲ್ಲಿ ಮುಂಬಯಿಯೂ ಒಂದು. ಜನರಲ್ ಮೋಟಾರ್ಸ್ 1928ರಲ್ಲೇ ಶಿವಡಿಯಲ್ಲಿ ಶೆವರ್ಲೆ ಕಾರುಗಳನ್ನು ಜೋಡಿಸುವ ಶೆಡ್ಡು ತೆರೆದಿತ್ತು. ಫೋರ್ಡ್‌ನ ಜೋಡಣೆ ಘಟಕವೂ ನಗರದಲ್ಲಿತ್ತು. ಶಿವಡಿಯ ಪಕ್ಕದಲ್ಲೇ ಬಂದರು, ಬಂದರಿನ ರೈಲುಹಳಿ. ಶಾಂತಿಕಾಲದಲ್ಲಿ ಕಾರುಗಳ ಪೆಟ್ಟಿಗೆ ಬರುತ್ತಿದ್ದ ದಾರಿಯಲ್ಲೇ ಈಗ ಸೈನ್ಯದ ಲಾರಿಗಳ ಪೆಟ್ಟಿಗೆ ಬಂದವು.

ಆದರೆ ಮುಂಬಯಿ ಬಯಸಿದ್ದು ಬೇರೆಯದನ್ನು. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು ಮುಂಬಯಿಯಲ್ಲಿ ಕಾರು ಲಾರಿಗಳನ್ನು ಪೂರ್ತಿಯಾಗಿ ತಯಾರಿಸುವ ಯೋಜನೆ ಬರೆದರು. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ. ಎಂಜಿನ್ ಎರಕ ಹೊಯ್ಯಲು, ಗೇರು ಕೊರೆಯಲು ಬಂದ ಕೈಗಳಿಗೆ ನಾಳೆ ಬೇರೆ ಯಂತ್ರವೂ ಬರುತ್ತದೆ. ಸ್ಪ್ಯಾನರ್ ತಿರುಗಿಸುವ ಕೈ ಮುಂದಿನ ಪೆಟ್ಟಿಗೆಗೆ ಕಾಯುತ್ತ ಕೂರಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ಯೋಜನೆಯನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಜೊತೆ ಮಾತುಕತೆಗೆ ಇಳಿದರು. ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂಡವಾಳದ ಬಡ್ಡಿಗೆ ಖಾತರಿ ಕೊಡಲು ಸಿದ್ಧವಾಯಿತು. ಅಷ್ಟರಲ್ಲಿ ಯುದ್ಧ ಬಂತು. ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆ ನೂಕಿದ್ದನ್ನು ವಿರೋಧಿಸಿ 1939ರ ಕೊನೆಯಲ್ಲಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು; ಖಾತರಿಯೂ ಅದರೊಂದಿಗೆ ಹೋಯಿತು.

ವಿಶ್ವೇಶ್ವರಯ್ಯ ಬಿಡಲಿಲ್ಲ. ಮುಂಬಯಿ ಆಗದಿದ್ದರೆ ಬೆಂಗಳೂರಾದರೂ ಆಗಲಿ ಎಂದು ಮೈಸೂರು ಸಂಸ್ಥಾನದ ಕಡೆ ತಿರುಗಿದರು. ದೆಹಲಿ ಜಗ್ಗಲಿಲ್ಲ. ಹೊಸ ಕಾರ್ಖಾನೆಯಿಂದ ಈಗಿನ ಯುದ್ಧಕ್ಕೆ ಉಪಯೋಗವಿಲ್ಲ, ಯಂತ್ರಗಳಿಗೆ ಡಾಲರ್ ಕೊಡಲಾಗದು ಎಂಬುದು ಸರ್ಕಾರದ ವಾದ. ಈ ವಾದ ಪೂರ್ತಿ ನೆಪವಲ್ಲ. ಡಾಲರಿಗೂ ಹಡಗಿನ ಜಾಗಕ್ಕೂ ಆಗ ನಿಜವಾಗಿಯೂ ಬರ. ಆದರೆ ಅದೇ ವಾಲ್‌ಚಂದ್‌ಗೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತೆರೆಯಲು ಒಪ್ಪಿಗೆ ಸಿಕ್ಕಿತು. ವಿಮಾನದ ಕಾರ್ಖಾನೆ ಕಟ್ಟಬಹುದಾದ ಊರಿನಲ್ಲಿ ಲಾರಿಯ ಕಾರ್ಖಾನೆ ಏಕೆ ಕೂಡದು ಎಂಬುದಕ್ಕೆ ಡಾಲರ್ ಒಂದೇ ಉತ್ತರವಾಗಲಾರದು. ಲಾರಿಯ ಮಾರುಕಟ್ಟೆಯಲ್ಲಿ ಬೇರೂರಿದ್ದ ವಿದೇಶಿ ಕಂಪನಿಗಳಿದ್ದವು, ಭಾರತದಲ್ಲಿ ವಿಮಾನ ತಯಾರಿಸುವವರು ಯಾರೂ ಇರಲಿಲ್ಲ. ಆ ವಿಮಾನ ಕಾರ್ಖಾನೆಯೂ ವಾಲ್‌ಚಂದ್ ಕೈಯಲ್ಲಿ ಉಳಿಯಲಿಲ್ಲ. 1942ರಲ್ಲಿ ಸರ್ಕಾರ ಅವರ ಪಾಲನ್ನು ಕೊಂಡುಕೊಂಡಿತು.

ಹೀಗೆ ಭಾರತೀಯ ಸೈನ್ಯ ಯುದ್ಧದುದ್ದಕ್ಕೂ ಕೆನಡಾದ ಲಾರಿಗಳನ್ನೇ ಓಡಿಸಿತು. ಬರ್ಮಾದ ಕಾಡುದಾರಿಗಳಿಗೆ ಅವೂ ದೊಡ್ಡದಾದವು. ಅಲ್ಲಿ 6 ಪೌಂಡರ್ ಎಳೆಯಲು ಜೀಪು ಬಂತು. ಜಪಾನಿ ಟ್ಯಾಂಕುಗಳು ಅಲ್ಲಿ ಅಪರೂಪವಾದ್ದರಿಂದ ಟ್ಯಾಂಕಿಗೆಂದು ಎಳೆದು ತಂದ ಫಿರಂಗಿಯನ್ನು ಮಣ್ಣು ಮರದ ಬಂಕರುಗಳಿಗೆ ಗುರಿಯಿಟ್ಟು ಹಾರಿಸಿದರು. ಇತ್ತ ಎಲ್ಲವನ್ನೂ ಸಮುದ್ರದಿಂದಲೇ ಇಳಿಸಿಕೊಳ್ಳುವ ಊರಿನ ಅಪಾಯವೂ ಗೊತ್ತಾಯಿತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು, ಹತ್ತಿ ಎರಡನ್ನೂ ತುಂಬಿಕೊಂಡಿದ್ದ 'ಫೋರ್ಟ್ ಸ್ಟೈಕಿನ್' ಹಡಗು ಸಿಡಿದು ನೂರಾರು ಜನ ಸತ್ತರು, ಬಂದರೇ ನಿಂತುಹೋಯಿತು.

ಅದೇ ವರ್ಷ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಶಿವಡಿಯ ಜನರಲ್ ಮೋಟಾರ್ಸ್, ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ನಿಲ್ಲುವಂತಿಲ್ಲ ಎಂಬ ಸ್ವತಂತ್ರ ಭಾರತದ ನೀತಿಯ ನಂತರ, 1954ರಲ್ಲಿ ಬಾಗಿಲು ಹಾಕಿತು. ಆದರೆ 1947ರಲ್ಲಿ ಕುರ್ಲಾದ ಪ್ರೀಮಿಯರ್‌ನಿಂದ ಹೊರಬಂದ ಮೊದಲ ವಾಹನಗಳೂ ಕ್ರೈಸ್ಲರ್ ಕಂಪನಿಯ ಪೆಟ್ಟಿಗೆ ಬಿಚ್ಚಿ ಜೋಡಿಸಿದವೇ.