ವಿಧಿವಿಜ್ಞಾನ ಶಿಕ್ಷಣ: ಕರ್ನಾಟಕದ ಚರಿತ್ರೆ ಮತ್ತು ಶರಾವತಿ ಸೀಮೆ

ಅಪರಾಧ ನಡೆದ ಸ್ಥಳದಲ್ಲಿ ಸಿಕ್ಕ ರಕ್ತ, ಕೂದಲು, ಬೆರಳಚ್ಚು, ವಿಷ, ಗುಂಡು, ಕೈಬರಹ, ಮೊಬೈಲ್ ಮುಂತಾದವನ್ನು ವಿಜ್ಞಾನದ ಕ್ರಮದಲ್ಲಿ ಪರೀಕ್ಷಿಸಿ, ಕಂಡದ್ದನ್ನು ನ್ಯಾಯಾಲಯದ ಮುಂದಿಡುವ ವಿದ್ಯೆ ವಿಧಿವಿಜ್ಞಾನ. ಮರಣೋತ್ತರ ಪರೀಕ್ಷೆ ನಡೆಸುವ ವೈದ್ಯರ ನ್ಯಾಯವೈದ್ಯಶಾಸ್ತ್ರ ಇದರ ಒಡಹುಟ್ಟು. ಅದಕ್ಕೆ ಎಂಬಿಬಿಎಸ್ ಬೇಕು, ಪ್ರಯೋಗಾಲಯದ ಕೆಲಸಕ್ಕೆ ವಿಜ್ಞಾನದ ಪದವಿ ಬೇಕು. ಶರಾವತಿ ಸೀಮೆಯ ಸಾಗರ, ಹೊಸನಗರ, ತೀರ್ಥಹಳ್ಳಿಯ ಪಿಯು ವಿದ್ಯಾರ್ಥಿಗಳಲ್ಲೂ ಈ ಓದಿನತ್ತ ಕಣ್ಣಿಟ್ಟವರು ಇರುವ ಕಾಲ ಇದು. ಹನ್ನೆರಡನೇ ತರಗತಿ ಮುಗಿಯುತ್ತಲೇ ವಿಧಿವಿಜ್ಞಾನದ ಬಿಎಸ್ಸಿಗೆ ಸೇರಬೇಕೆ, ಅಥವಾ ರಸಾಯನಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿ ಆಮೇಲೆ ಇದಕ್ಕೆ ಬರಬೇಕೆ ಎಂಬುದು ಅವರ ಮುಂದಿರುವ ನಿಜವಾದ ಪ್ರಶ್ನೆ. ಈ ವಿದ್ಯೆ ಬೆಳೆದುಬಂದ ಬಗೆಯನ್ನು ನೋಡಿದರೆ ಎರಡನೆಯ ದಾರಿಯೇ ಗಟ್ಟಿ ಎಂದು ತೋರುತ್ತದೆ.

ಭಾರತದಲ್ಲಿ ಪ್ರಯೋಗಾಲಯ ಮೊದಲು ಹುಟ್ಟಿತು, ಪಾಠದ ಕೋಣೆ ಬಹಳ ತಡವಾಗಿ ಬಂತು. ವಿಷಪ್ರಾಶನದ ಪ್ರಕರಣಗಳಿಗಾಗಿ ಮದ್ರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ತೆರೆದದ್ದು 1849ರಲ್ಲಿ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ಆರಂಭವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡರೂ ಅದರ ಲೆಕ್ಕಾಚಾರವನ್ನು ಕಟ್ಟಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಗಣಿತ ಓದಿದವರು. ಮೊದಲ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ 1952ರಲ್ಲಿ ಕಲ್ಕತ್ತದಲ್ಲಿ ಬಂತು. ವಿಶ್ವವಿದ್ಯಾಲಯವೊಂದು ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಭಾಗ ತೆರೆಯಲು 1959ರ ತನಕ ಕಾಯಬೇಕಾಯಿತು. ಅದೂ ಸಾಗರದಲ್ಲೇ, ಆದರೆ ನಮ್ಮ ಸಾಗರದಲ್ಲಲ್ಲ, ಮಧ್ಯಪ್ರದೇಶದ ಸಾಗರದಲ್ಲಿ. ಮದ್ರಾಸಿನ ಪ್ರಯೋಗಾಲಯಕ್ಕೂ ಈ ವಿಭಾಗಕ್ಕೂ ನಡುವೆ 110 ವರ್ಷ. ಅಷ್ಟೂ ಕಾಲ ನ್ಯಾಯಾಲಯಗಳಿಗೆ ವರದಿ ಬರೆದವರು ರಸಾಯನಶಾಸ್ತ್ರಜ್ಞರು, ವೈದ್ಯರು, ಗಣಿತ ಬಲ್ಲ ಪೊಲೀಸರು. ಯುರೋಪಿನಲ್ಲಿ 1909ರಲ್ಲೇ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯ ಇದಕ್ಕೆಂದೇ ಶಾಲೆ ತೆರೆದಿತ್ತಲ್ಲ ಎಂದು ಕೇಳಬಹುದು. ಆದರೆ ಅದನ್ನು ಕಟ್ಟಿದ ಆರ್ಚಿಬಾಲ್ಡ್ ರೈಸ್ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1984ರಲ್ಲಿ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದ ಅಲೆಕ್ ಜೆಫ್ರಿಸ್ ತಳಿವಿಜ್ಞಾನಿ. ಭಾರತದಲ್ಲಿ ಆ ತಂತ್ರವನ್ನು ಸ್ವಂತವಾಗಿ ಬೆಳೆಸಿದ ಹೈದರಾಬಾದಿನ ಲಾಲ್ಜಿ ಸಿಂಗ್ ಹಾವುಗಳ ವರ್ಣತಂತುಗಳನ್ನು ಅಧ್ಯಯನ ಮಾಡಿದ ಪ್ರಾಣಿಶಾಸ್ತ್ರಜ್ಞ. ಪಟ್ಟೆ ಕಟ್ಟುಹಾವಿನಲ್ಲಿ ಲಿಂಗ ನಿರ್ಧಾರವಾಗುವ ಬಗೆಯನ್ನು ಹುಡುಕುತ್ತಿದ್ದ ಸಂಶೋಧನೆ ಕೊನೆಗೆ ಪಿತೃತ್ವದ ಮೊಕದ್ದಮೆಗಳಿಗೆ ಒದಗಿತು. ವಿಧಿವಿಜ್ಞಾನದ ದೊಡ್ಡ ಹೆಜ್ಜೆಗಳು ಮತ್ತೆ ಮತ್ತೆ ಮೂಲವಿಜ್ಞಾನದಿಂದಲೇ ಬಂದಿವೆ.

ಕರ್ನಾಟಕದಲ್ಲಿ ಈ ಓದು ಹಿಡಿದ ದಾರಿ ಸ್ವಲ್ಪ ಬೇರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಇದು ಅಪರಾಧಶಾಸ್ತ್ರದ ಜೊತೆಗೇ ಬೆಳೆಯಿತು. ಮಹಾರಾಜ ಕಾಲೇಜು ಕಲಾ ಕಾಲೇಜು, ರೋಶನಿ ನಿಲಯ ಸಮಾಜಕಾರ್ಯದ ಸಂಸ್ಥೆ. ಅಪರಾಧಿಯ ಹಿನ್ನೆಲೆ, ಜೈಲು, ಪೊಲೀಸ್ ವ್ಯವಸ್ಥೆ, ಸಂತ್ರಸ್ತರ ಹಕ್ಕು ಇವನ್ನೆಲ್ಲ ಬಲ್ಲ ಪದವೀಧರರನ್ನು ಈ ಸಂಪ್ರದಾಯ ಕೊಟ್ಟಿತು, ಅದರ ಬೆಲೆ ದೊಡ್ಡದು. ಆದರೆ ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ದಾವಣಗೆರೆ, ಮಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಗಳ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಒಳಾಂಗದ ಮಾದರಿಯಿಂದ ಕೀಟನಾಶಕವನ್ನು ಬೇರ್ಪಡಿಸಲು ಕೂರುವವರಿಗೆ ರಸಾಯನಶಾಸ್ತ್ರ ಗೊತ್ತಿರಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಚಿತ್ರ ಬೇಗ ಬದಲಾಗಿದೆ. ಗುಜರಾತಿನ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಕಾಯ್ದೆಯಿಂದ ರಾಷ್ಟ್ರೀಯ ವಿಶ್ವವಿದ್ಯಾಲಯವಾಯಿತು. ಅದರ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಶಂಕುಸ್ಥಾಪನೆ ನಡೆಯಿತು. ಪೊಲೀಸ್ ಮತ್ತು ಭದ್ರತಾ ಶಿಕ್ಷಣದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಶಿವಮೊಗ್ಗಕ್ಕೇ ಬಂತು. ಆಗ ರಾಜ್ಯದ ಗೃಹ ಸಚಿವರಾಗಿದ್ದವರು ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರ. ಅಪರಾಧ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೆಂದೇ ವಿಜ್ಞಾನ ಕಲಿತ ಅಧಿಕಾರಿಗಳನ್ನು ನೇಮಿಸಿಕೊಳ್ಳುವ ಯೋಜನೆಯೂ ಅದೇ ಅವಧಿಯದು.

ಮೂಲವಿಜ್ಞಾನ ಏಕೆ ಮುಖ್ಯ ಎಂಬುದಕ್ಕೆ ಶರಾವತಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ ಹೊಸನಗರವನ್ನು ಹಾದು ಸಾಗರ ತಾಲ್ಲೂಕಿನಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಸಿಕ್ಕಿ ಹಿನ್ನೀರಾಗಿ ಹರಡಿಕೊಂಡಿದೆ. ನೀರಿನಲ್ಲಿ ಶವ ಸಿಕ್ಕಾಗ ತನಿಖಾಧಿಕಾರಿಗೆ ಮೊದಲು ಎದುರಾಗುವ ಪ್ರಶ್ನೆ, ವ್ಯಕ್ತಿ ಮುಳುಗಿ ಸತ್ತನೇ ಅಥವಾ ಸತ್ತ ಮೇಲೆ ನೀರಿಗೆ ಬಿದ್ದನೇ ಎಂಬುದು. ಇದಕ್ಕೆ ಬಳಕೆಯಲ್ಲಿರುವ ಪರೀಕ್ಷೆ ಡಯಾಟಮ್‌ಗಳದು. ಡಯಾಟಮ್ ಎಂದರೆ ಸಿಲಿಕದ ಗೋಡೆಯಿರುವ, ಕಣ್ಣಿಗೆ ಕಾಣದ ಪಾಚಿ. ಜೀವ ಇರುವಾಗ ನೀರು ಶ್ವಾಸಕೋಶಕ್ಕೆ ನುಗ್ಗಿದರೆ ರಕ್ತದ ಮೂಲಕ ಇವು ಅಸ್ಥಿಮಜ್ಜೆಯವರೆಗೂ ಹೋಗಬಲ್ಲವು. ಹೃದಯ ನಿಂತ ಮೇಲೆ ಆ ದಾರಿ ಮುಚ್ಚುತ್ತದೆ. ಮಜ್ಜೆಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಾಗ ಉಳಿಯುವ ಸಿಲಿಕದ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಶವ ಸಿಕ್ಕ ನೀರಿನ ಮಾದರಿಯೊಂದಿಗೆ ಹೋಲಿಸುತ್ತಾರೆ. ಈ ಪರೀಕ್ಷೆಯ ವಿಶ್ವಾಸಾರ್ಹತೆಯ ಬಗ್ಗೆ ತಜ್ಞರಲ್ಲೇ ಜಗಳವಿದೆ, ಮುಳುಗದೆ ಸತ್ತವರ ದೇಹದಲ್ಲೂ ಡಯಾಟಮ್ ಸಿಕ್ಕಿರುವುದುಂಟು. ಹಾಗಾಗಿಯೇ ವರದಿ ಬರೆಯುವವರು ಯಾವ ಜಾತಿ, ಎಷ್ಟು ಸಂಖ್ಯೆ, ಎಲ್ಲಿಯದು ಎಂದು ಹೇಳಬಲ್ಲ ಪಾಚಿಶಾಸ್ತ್ರಜ್ಞರಾಗಿರಬೇಕು. ನಿಂತ ಹಿನ್ನೀರಿನ ಪಾಚಿ ಬೇರೆ, ಹರಿಯುವ ತುಂಗೆಯದು ಬೇರೆ, ಅಡಿಕೆ ತೋಟದ ಕೆರೆಯದು ಬೇರೆ; ಮಳೆಗಾಲಕ್ಕೂ ಬೇಸಿಗೆಗೂ ಲೆಕ್ಕ ಬದಲಾಗುತ್ತದೆ. ಹೋಲಿಸಲು ಬೇಕಾದ ಊರಿನ ನೀರಿನ ಸಂಗ್ರಹವನ್ನು ಪಠ್ಯಪುಸ್ತಕ ಕೊಡಲಾರದು. ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಂಥ, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯದಂಥ ಕಾಲೇಜುಗಳ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಹೊಳೆಯ ನೀರು ತಂದು ಗುರುತಿಸಿ ದಾಖಲಿಸಿದರೆ, ಅದು ಯಾವ ದೊಡ್ಡ ನಗರದ ವಿಧಿವಿಜ್ಞಾನ ಪದವಿಗೂ ಕಡಿಮೆಯಿಲ್ಲದ ತರಬೇತಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಇದಕ್ಕೆ ಬೆನ್ನೆಲುಬಾಗಬಹುದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಮೂಲವಿಜ್ಞಾನ ಓದಿದವರಿಗೆ ಸ್ಥಳ ಮಹಜರು ಗೊತ್ತಿರುವುದಿಲ್ಲ, ಮಾದರಿಗೆ ಮೊಹರು ಹಾಕುವ ಕ್ರಮ ಗೊತ್ತಿರುವುದಿಲ್ಲ, ಅದು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂಬ ದಾಖಲೆಯಲ್ಲಿ ಒಂದು ಕೊಂಡಿ ತಪ್ಪಿದರೂ ಮೊಕದ್ದಮೆ ಬಿದ್ದುಹೋಗಬಹುದೆಂಬ ಎಚ್ಚರ ಇರುವುದಿಲ್ಲ ಎಂಬ ಮಾತು ಪೂರ್ತಿ ನಿಜ. ಒಳಾಂಗವನ್ನು ಉಪ್ಪಿನ ಸಂತೃಪ್ತ ದ್ರಾವಣದಲ್ಲಿಯೂ ರಕ್ತವನ್ನು ಸೋಡಿಯಂ ಫ್ಲೋರೈಡ್ ಬೆರೆಸಿಯೂ ಇಡಬೇಕೆಂಬುದನ್ನು ರಸಾಯನಶಾಸ್ತ್ರದ ಎಂಎಸ್ಸಿ ತಾನಾಗಿ ಕಲಿಸುವುದಿಲ್ಲ. ಕಾನೂನು ಈ ಅಗತ್ಯವನ್ನು ಇನ್ನೂ ಹೆಚ್ಚಿಸಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಿಸಬೇಕು. ರಾಜ್ಯಗಳಿಗೆ ಇದನ್ನು ಜಾರಿಗೊಳಿಸಲು ಐದು ವರ್ಷದ ಅವಕಾಶವಿದೆ. ಮಲೆನಾಡಿನಲ್ಲಿ ಈ ಕಲಮು ಕಾಗದದಲ್ಲಿದ್ದಷ್ಟು ಸುಲಭವಲ್ಲ. ಆಗುಂಬೆಯ, ಹುಲಿಕಲ್ಲಿನ ಆಷಾಢದ ಮಳೆ ಹೆಜ್ಜೆಗುರುತನ್ನೂ ರಕ್ತದ ಕಲೆಯನ್ನೂ ಗಂಟೆಗಳಲ್ಲಿ ತೊಳೆದುಬಿಡುತ್ತದೆ, ಆಮ್ಲೀಯವಾದ ಜಂಬಿಟ್ಟಿಗೆ ಮಣ್ಣು ಹೂತ ಎಲುಬನ್ನು ತಿನ್ನುತ್ತದೆ. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ದಶಕಗಳ ಕಾಲ ಲಾಂಚಿನ ವೇಳೆಗೆ ಕಾದೇ ತುಮರಿ ಕಡೆಗೆ ದಾಟಬೇಕಿತ್ತು. ಅಲ್ಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಆದ್ದರಿಂದ ಸ್ಥಳ ಪರಿಶೀಲನೆಯ ತರಬೇತಿ ಬೇಡ ಎಂದು ಯಾರೂ ಹೇಳಲಾರರು. ಆದರೆ ಅದನ್ನು ಸ್ನಾತಕೋತ್ತರ ಹಂತದಲ್ಲಿ ಒಂದೆರಡು ವರ್ಷಗಳಲ್ಲಿ ಕಲಿಯಬಹುದು. ಮೂರು ವರ್ಷದ ಪದವಿಯಲ್ಲಿ ತಳಪಾಯವಿಲ್ಲದೆ ಹೋದ ರಸಾಯನಶಾಸ್ತ್ರವನ್ನು ಆಮೇಲೆ ತುಂಬಿಕೊಳ್ಳುವುದು ಅಷ್ಟು ಸುಲಭವಲ್ಲ.

ತಂತ್ರವನ್ನಷ್ಟೇ ಕಲಿತು ಅದರ ಬೇರನ್ನು ಪ್ರಶ್ನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಪಾಠವಿದೆ. ಈ ಶತಮಾನದ ಮೊದಲ ದಶಕದಲ್ಲಿ ಔಷಧ ಕೊಟ್ಟು ಅರೆಪ್ರಜ್ಞೆಯಲ್ಲಿ ಪ್ರಶ್ನಿಸುವ ಮಂಪರು ಪರೀಕ್ಷೆಗೆ ಬೆಂಗಳೂರು ದೇಶಕ್ಕೇ ಹೆಸರಾಗಿತ್ತು, ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯೂ ಇಲ್ಲೇ ನಡೆಯಿತು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳು ನಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಈ ತಂತ್ರಗಳ ಫಲಿತಾಂಶವನ್ನು ಎಷ್ಟು ನಂಬಬಹುದು ಎಂಬುದನ್ನೂ ತೀರ್ಪು ವಿಸ್ತಾರವಾಗಿ ಚರ್ಚಿಸಿದೆ. ವಿಧಿವಿಜ್ಞಾನದ ಪ್ರತಿ ತರಗತಿಯಲ್ಲೂ ಈ ತೀರ್ಪನ್ನು ಓದಿಸಬೇಕು. ಒಂದು ಪರೀಕ್ಷೆ ಎಷ್ಟು ಬಾರಿ ತಪ್ಪುತ್ತದೆ ಎಂದು ಕೇಳುವ ಅಭ್ಯಾಸ ಸಂಖ್ಯಾಶಾಸ್ತ್ರದಿಂದ ಬರುತ್ತದೆ, ಆ ವಿಷಯಕ್ಕೆ ನಮ್ಮ ಪಠ್ಯಕ್ರಮಗಳು ಇನ್ನಷ್ಟು ಜಾಗ ಕೊಡಬೇಕು.

ಕೆಲಸ ಎಷ್ಟಿದೆ ಎಂಬ ಪೋಷಕರ ಆತಂಕವೂ ನ್ಯಾಯವಾದದ್ದೇ. ಸರ್ಕಾರಿ ಪ್ರಯೋಗಾಲಯಗಳ ಹುದ್ದೆಗಳು ಸೀಮಿತ, ನೇಮಕಾತಿ ವರ್ಷಗಟ್ಟಲೆ ತಡವಾಗುವುದುಂಟು. ಹೊಸ ಕಾನೂನು ಬೇಡಿಕೆಯನ್ನು ಹೆಚ್ಚಿಸುತ್ತದೆಂಬ ನಿರೀಕ್ಷೆ ಆಧಾರವಿಲ್ಲದ್ದಲ್ಲ, ಆದರೂ ಒಂದೇ ಬಾಗಿಲನ್ನು ನಂಬಿ ಕೂರುವುದು ಅಪಾಯ. ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಔಷಧ ಕಾರ್ಖಾನೆ, ಆಹಾರ ಪರೀಕ್ಷೆ, ಬ್ಯಾಂಕುಗಳ ಸೈಬರ್ ವಿಭಾಗ, ಬೋಧನೆ ಇವೂ ತೆರೆದಿರುತ್ತವೆ. ಈ ಕೆಲಸಕ್ಕೆ ಬೇಕಾದ ಇನ್ನೊಂದು ಅರ್ಹತೆಯನ್ನು, ಕೋರ್ಟಿನಲ್ಲಿ ತಿಳಿಯುವಂತೆ ವಿವರಿಸುವುದನ್ನು, ಪ್ರವೇಶ ಪರೀಕ್ಷೆಗಳು ಅಳೆಯುವುದಿಲ್ಲ. ಸರ್ಕಾರಿ ತಜ್ಞರ ವರದಿ ಸಾಮಾನ್ಯವಾಗಿ ಅವರನ್ನು ಕರೆಯದೆಯೇ ಸಾಕ್ಷ್ಯವಾಗುತ್ತದೆ, ಆದರೆ ನ್ಯಾಯಾಲಯ ಬಯಸಿದರೆ ಅವರನ್ನು ಕರೆಸಬಹುದು. ಆಗ ಹೊಸನಗರದ ಅಥವಾ ಸಾಗರದ ಕೋರ್ಟಿನಲ್ಲಿ, ಇಂಗ್ಲಿಷಿನಲ್ಲಿ ಬರೆದ ವರದಿಯನ್ನು ಪಾಟಿಸವಾಲಿನ ನಡುವೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಡಯಾಟಮ್ ಸಿಕ್ಕಿತೆಂದರೆ ಮುಳುಗಿ ಸತ್ತದ್ದು ಖಚಿತವೇ ಎಂದು ಆರೋಪಿಯ ಪರ ವಕೀಲರು ಕೇಳಿದಾಗ, ಖಚಿತವಲ್ಲ, ಇಷ್ಟರಮಟ್ಟಿಗೆ ಸಂಭವ, ಅದಕ್ಕೆ ಈ ಕಾರಣ ಎಂದು ಕಟಕಟೆಯಲ್ಲಿ ನಿಂತು ಹೇಳುವ ತರಬೇತಿಯನ್ನು ಧಾರವಾಡದ ಹೊಸ ಕ್ಯಾಂಪಸ್ಸಾದರೂ ಕನ್ನಡದಲ್ಲಿ ಕೊಡಲಿ.