ಬಿಸಿಲುನಾಡಿಗೆ ಬಂದ ಹೆಸರು

ನಮ್ಮ ಕಲಬುರಗಿ ಸೀಮೆಯೆಂದರೆ ನಿಮಗೆ ಮೊದಲು ನೆನಪಾಗುವುದು ಬಿಸಿಲು, ಆಮೇಲೆ ‘ಹಿಂದುಳಿದ ಪ್ರದೇಶ’ವೆಂಬ ಮಾತು. ಬಿಸಿಲೇನೋ ನಿಜ. ಆದರೆ ಕಾಗಿಣಾ ನದಿಯ ದಡದ ಮಳಖೇಡವನ್ನು ಒಮ್ಮೆ ನೋಡಿಬನ್ನಿ. ರಾಷ್ಟ್ರಕೂಟರ ಮಾನ್ಯಖೇಟವೇ ಅದು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಮುಂದೆ ಚಾಲುಕ್ಯರ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವನ್ನು ಆಧಾರವಾಗಿ ಹಿಡಿದು, ಬಂಗಾಳದ ಕಡೆಯೊಂದನ್ನು ಬಿಟ್ಟು ದೇಶದ ಬಹುಭಾಗದ ನ್ಯಾಯಾಲಯಗಳು ಹಿಂದೂ ಮನೆತನಗಳ ಆಸ್ತಿಯ ಪಾಲು ತೀರ್ಮಾನಿಸಿದವು. (ಪಾಲಿನ ದಾವೆ ನಡೆಸಿದ ಮನೆಯವರು ವಕೀಲರ ಬಾಯಲ್ಲಿ ಈ ಹೆಸರು ಕೇಳಿರಬೇಕು!)

ಹಾಗಾದರೆ ನಾವು ಹಿಂದುಳಿದದ್ದೇಕೆ? 1948ರವರೆಗೆ ಇದು ನಿಜಾಮರ ಆಳ್ವಿಕೆಯ ಸೀಮೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲೂ ಮೇಲಿನ ಓದಿನಲ್ಲೂ ಉರ್ದು. ಅಪಕೀರ್ತಿ ಸಲ್ಲಬೇಕಾದದ್ದು ಆಳಿದವರಿಗೆ, ನೆಲಕ್ಕಲ್ಲ. ಆ ಆಳಿದವರಲ್ಲಿ ನಮ್ಮವರೂ ಸೇರಿದ್ದಾರೆ: 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದ ಈ ಜಿಲ್ಲೆಗಳಿಗೆ ಓದು, ನೌಕರಿಗಳಲ್ಲಿ ಮೀಸಲು ಕೊಡಲು 2012ರ ಸಂವಿಧಾನ ತಿದ್ದುಪಡಿಯವರೆಗೆ ಕಾಯಬೇಕಾಯಿತು.